ಎದೆ ಬಡಿಯುತ್ತಿದ್ದರೂ ಸಾವು: ಲಿವರ್ ದಾನದ ಬಗ್ಗೆ ಒಂದಿಷ್ಟು ಮಾತು

(ಧಾರವಾಡದಲ್ಲಿ ನಿವೃತ್ತ ಶಿಕ್ಷಕರ ಬಳಗವೊಂದರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ಶರಣು.

ನಾನು ಬಹಳ ವರ್ಷ ಐಸಿಯು ನರ್ಸ್ ಆಗಿದ್ದವಳು. ಈಗ ಕಸಿ ಸಂಯೋಜಕಿ. ಅಂದರೆ ಅಂಗಾಂಗ ದಾನದ ವಿಷಯವನ್ನು ಮನೆಯವರ ಜೊತೆ ಕೂತು ಮಾತಾಡುವವಳು. ನನ್ನ ಕೆಲಸ ಜಾಸ್ತಿ ನಡೆಯುವುದು ಐಸಿಯು ಹೊರಗಿನ ಬೆಂಚಿನ ಮೇಲೆ. ಅಲ್ಲಿ ಚಪ್ಪಲಿ ಬಿಟ್ಟು, ಬುತ್ತಿ ಗಂಟು ಬಿಚ್ಚದೆ, ಎರಡು ಮೂರು ದಿನದಿಂದ ಕೂತವರಿರುತ್ತಾರೆ.

ಈ ಕೆಲಸಕ್ಕೆ ಬಂದ ಹೊಸದರಲ್ಲಿ ಹಾವೇರಿ ಕಡೆಯ ಒಂದು ಕುಟುಂಬ ಬಂದಿತ್ತು. ಪ್ರಾಯದ ಮಗ. ಬೈಕು, ಹೆಲ್ಮೆಟ್ ಇಲ್ಲ, ತಲೆಗೆ ಪೆಟ್ಟು. ಮಿದುಳು ಸತ್ತಿದೆ ಎಂದು ಎರಡೂ ಸಲದ ಪರೀಕ್ಷೆಯಲ್ಲಿ ಖಾತ್ರಿ ಆಗಿತ್ತು. ತಾಯಿಯನ್ನು ಒಳಗೆ ಕರೆದುಕೊಂಡು ಹೋದೆ. ಆಕೆ ಮಗನ ಎದೆಯ ಮೇಲೆ ಅಂಗೈ ಇಟ್ಟಳು. ಸ್ವಲ್ಪ ಹೊತ್ತು ಹಾಗೇ ಇಟ್ಟುಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಎದಿ ಬಡೀತೈತಿ ನೋಡ್ರಿ ಸಿಸ್ಟರ್. ಮೈ ಬಿಸಿ ಐತಿ. ಸತ್ತಾನ ಅಂತ ಹೆಂಗ ಹೇಳ್ತೀರಿ?" ಅಂದಳು.

ಆ ದಿನ ನನ್ನ ಹತ್ತಿರ ಆಕೆಗೆ ಅರ್ಥವಾಗುವ ಉತ್ತರ ಇರಲಿಲ್ಲ. ವೈದ್ಯರ ಮಾತನ್ನೇ ತಿರುಗಿ ಒಪ್ಪಿಸಿದೆ. ಮನೆಯವರು ದಾನ ಬೇಡ ಎಂದರು. ಅದು ಅವರ ಹಕ್ಕು, ಅದರಲ್ಲಿ ತಪ್ಪೇನೂ ಇಲ್ಲ. ಮರುದಿನ ಸಂಜೆ ಅವನ ಎದೆಬಡಿತವೂ ನಿಂತಿತು. ಆ ತಾಯಿಗೆ ನಾನು ಏನು ಹೇಳಬೇಕಿತ್ತು? ಇವತ್ತಿನ ನನ್ನ ಮಾತೆಲ್ಲ ಅದೇ.

ಮೊದಲು ಲಿವರ್ ಬಗ್ಗೆ ಸ್ವಲ್ಪ. ಯಕೃತ್ತು, ಪಿತ್ತಜನಕಾಂಗ ಅಂತ ಹೆಸರುಗಳಿವೆ. ಆದರೆ ನಮ್ಮ ಓಪಿಡಿಯಲ್ಲಿ ಅಜ್ಜಿಯಂದಿರೂ ಲಿವರ್ ಅಂತಲೇ ಹೇಳುತ್ತಾರೆ. ಬಲಗಡೆ ಪಕ್ಕೆಲುಬಿನ ಮೇಲೆ ಕೈ ಇಟ್ಟುಕೊಳ್ಳಿ, ಅದರ ಹಿಂದೆಯೇ ಇದೆ. ದೊಡ್ಡವರಲ್ಲಿ ಒಂದೂಕಾಲು, ಒಂದೂವರೆ ಕೆಜಿ ತೂಗುತ್ತದೆ. ನೀವು ಮಧ್ಯಾಹ್ನ ಉಂಡ ರೊಟ್ಟಿ, ಕಾಳುಪಲ್ಲೆ ಕರಗಿ ಕರುಳಿನಿಂದ ರಕ್ತಕ್ಕೆ ಸೇರಿದ ಮೇಲೆ ಮೊದಲು ಹೋಗುವುದು ಅಲ್ಲಿಗೇ. ಪಿತ್ತ ಮಾಡುವುದು, ಸಕ್ಕರೆಯನ್ನು ಕೂಡಿಟ್ಟುಕೊಂಡು ಬೇಕಾದಾಗ ಬಿಡುವುದು, ಗಾಯವಾದರೆ ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು ತಯಾರಿಸುವುದು, ವಿಷ ತೆಗೆಯುವುದು, ಎಲ್ಲ ಅದರದೇ ಕೆಲಸ.

ಅದು ಕೆಟ್ಟರೆ ಬರೀ ಕಾಮಣಿ ಆಗಿ ಕಣ್ಣು ಹಳದಿ ಆಗುವುದಿಲ್ಲ. ಹೊಟ್ಟೆಯಲ್ಲಿ ನೀರು ತುಂಬುತ್ತದೆ. ರಕ್ತ ವಾಂತಿ ಆಗುತ್ತದೆ. ಅಮೋನಿಯಾ ಏರಿ ತಲೆ ಮಂಕಾಗುತ್ತದೆ. ಮೂವತ್ತು ವರ್ಷ ಲೆಕ್ಕ ಬರೆದ ಮನುಷ್ಯ ಅಂಗಿಯ ಗುಂಡಿ ಹಾಕಿಕೊಳ್ಳಲು ಒದ್ದಾಡಿದ್ದನ್ನು ನಾನೇ ನೋಡಿದ್ದೇನೆ. ರಾತ್ರಿ ಎದ್ದು ಕೂತು, ಬೆಳಗಾಯಿತು ಚಹಾ ಕೊಡಿ ಎನ್ನುತ್ತಿದ್ದರು. ಮನೆಯವರು ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸಿದ್ದರು. ಸೋಕಿದ್ದು ಗಾಳಿಯಲ್ಲ, ಲಿವರ್ ಕೈಬಿಟ್ಟಿತ್ತು.

ಕುಡಿತ ಒಂದು ಕಾರಣ. ಆದರೆ ಒಂದೇ ಕಾರಣ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಹೆಪಟೈಟಿಸ್ ಬಿ ಮತ್ತು ಸಿ ಇವೆ. ಸಕ್ಕರೆ ಕಾಯಿಲೆ, ಬೊಜ್ಜಿನ ಜೊತೆ ಬರುವ ಫ್ಯಾಟಿ ಲಿವರ್ ಇದೆ. ಹುಟ್ಟುತ್ತಲೇ ಪಿತ್ತನಾಳ ಸರಿಯಿಲ್ಲದ ಕೂಸುಗಳಿವೆ. ಒಂದು ಹನಿ ಮುಟ್ಟದ ಹೆಂಗಸಿಗೆ ಲಿವರ್ ಹೋಗಿದೆ ಎಂದರೆ ಊರವರು ಬೇರೆಯೇ ಮಾತಾಡುತ್ತಾರೆ. ಆ ಮಾತು ರೋಗಕ್ಕಿಂತ ಜಾಸ್ತಿ ನೋಯಿಸುತ್ತದೆ.

ಇನ್ನೊಂದು ಮಾತು ಇಲ್ಲೇ ಹೇಳಿಬಿಡುತ್ತೇನೆ. ಇಲಿಗೆ ಇಡುವ ಹಳದಿ ರಂಜಕದ ಪೇಸ್ಟ್ ಹೊಟ್ಟೆಗೆ ಹೋದರೆ ಮೊದಲ ಒಂದೆರಡು ದಿನ ಮನುಷ್ಯ ಆರಾಮಾಗಿ ಕಾಣಬಹುದು. "ವಾಂತಿ ಆತು, ಈಗ ಆರಾಮ ಅದಾನ" ಎಂದು ಮನೆಯಲ್ಲೇ ಇಟ್ಟುಕೊಳ್ಳುತ್ತಾರೆ. ಅಷ್ಟರಲ್ಲಿ ಒಳಗೆ ಲಿವರ್ ಸಾಯುತ್ತಿರುತ್ತದೆ. ಆರಾಮ ಕಂಡರೂ ಆ ಕ್ಷಣವೇ ದೊಡ್ಡಾಸ್ಪತ್ರೆಗೆ ಕರೆದುಕೊಂಡು ಬನ್ನಿ. ಆ ಪೇಸ್ಟನ್ನು ಮನೆಯಲ್ಲಿ ಇಡಲೇಬೇಡಿ.

ಕಿಡ್ನಿ ಹೋದರೆ ಡಯಾಲಿಸಿಸ್ ಇದೆ. ವಾರಕ್ಕೆ ಎರಡು ಮೂರು ಸಲ ಮಾಡಿಸಿಕೊಂಡು ವರ್ಷಗಟ್ಟಲೆ ಇರುವವರಿದ್ದಾರೆ. ಲಿವರ್‌ಗೆ ಹಾಗೆ ವರ್ಷಗಟ್ಟಲೆ ಕೈಹಿಡಿಯುವ ಯಂತ್ರವಿಲ್ಲ. ಪೂರ್ತಿ ಕೆಟ್ಟ ಮೇಲೆ ಉಳಿಯುವ ದಾರಿ ಕಸಿ ಒಂದೇ. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಥಾಮಸ್ ಸ್ಟಾರ್ಜಲ್ ಮೊದಲ ಸಲ ಮನುಷ್ಯನಿಗೆ ಲಿವರ್ ಕಸಿ ಮಾಡಿದರು. ಆ ಮಗು ಉಳಿಯಲಿಲ್ಲ. ಮುಂದಿನ ರೋಗಿಗಳೂ ಉಳಿಯಲಿಲ್ಲ. 1967ರಲ್ಲಿ ಮೊದಲ ಬಾರಿಗೆ ಕಸಿಯಾದ ಮೇಲೆ ಒಂದು ವರ್ಷ ದಾಟಿ ಬದುಕಿದವರು ಸಿಕ್ಕರು. ಇವತ್ತು ಒಳ್ಳೆಯ ಕೇಂದ್ರಗಳಲ್ಲಿ ನೂರಕ್ಕೆ 85ರಿಂದ 90 ಜನ ಮೊದಲ ವರ್ಷ ದಾಟುತ್ತಾರೆ.

ಲಿವರ್ ಎರಡು ಕಡೆಯಿಂದ ಬರುತ್ತದೆ. ಒಂದು, ಬದುಕಿರುವ ಹತ್ತಿರದ ಸಂಬಂಧಿಕರು ತಮ್ಮ ಲಿವರ್‌ನ ಒಂದು ಭಾಗ ಕೊಡುವುದು. ಉಳಿದ ಭಾಗ ಕೆಲವು ತಿಂಗಳಲ್ಲಿ ಮತ್ತೆ ಬೆಳೆದುಕೊಳ್ಳುತ್ತದೆ. ನಮ್ಮ ದೇಶದಲ್ಲಿ ಆಗುವ ಲಿವರ್ ಕಸಿಗಳಲ್ಲಿ ಹೆಚ್ಚಿನವು ಹೀಗೇ ಆಗುತ್ತವೆ. ಮಗನಿಗೆ ತಾಯಿ, ಗಂಡನಿಗೆ ಹೆಂಡತಿ. ಕೊಡುವವರು ಬಹಳ ಸಲ ಹೆಂಗಸರೇ, ಇದನ್ನು ನೀವೂ ಗಮನಿಸಿರುತ್ತೀರಿ. ಗಟ್ಟಿಯಾಗಿರುವ ಮನುಷ್ಯರನ್ನು ಅಷ್ಟು ದೊಡ್ಡ ಆಪರೇಷನ್‌ಗೆ ಒಡ್ಡಬೇಕಾಗುತ್ತದೆ. ಎರಡನೆಯದು, ತೀರಿಕೊಂಡವರಿಂದ ಪಡೆಯುವುದು. ಅಲ್ಲಿ ಇನ್ನೊಬ್ಬರ ಜೀವಕ್ಕೆ ಅಪಾಯವಿಲ್ಲ. ಪೂರ್ತಿ ಲಿವರ್ ಸಿಗುತ್ತದೆ. ಕೆಲವು ಸಲ ಅದನ್ನೇ ಎರಡು ಭಾಗ ಮಾಡಿ ಒಂದು ಮಗುವಿಗೆ, ಒಬ್ಬ ದೊಡ್ಡವರಿಗೆ ಹಾಕುತ್ತಾರೆ.

ಹಾಗಾದರೆ ಯಾಕೆ ಸಿಗುತ್ತಿಲ್ಲ? 2023ರಲ್ಲಿ ಇಡೀ ದೇಶದಲ್ಲಿ ತೀರಿಕೊಂಡ ಮೇಲೆ ಅಂಗಾಂಗ ದಾನ ಮಾಡಿದವರು 1,099 ಜನ. ವರ್ಷಕ್ಕೆ ಸಾವಿರ ದಾಟಿದ್ದೇ ಅದು ಮೊದಲ ಸಲ. ನಮ್ಮ ಕರ್ನಾಟಕದಲ್ಲಿ 178. ನೂರ ನಲವತ್ತು ಕೋಟಿ ಜನರ ದೇಶದಲ್ಲಿ ಇದು ಹತ್ತು ಲಕ್ಷಕ್ಕೆ ಒಬ್ಬರೂ ಆಗುವುದಿಲ್ಲ. ನಮ್ಮ ಜನಕ್ಕೆ ಕೊಡುವ ಮನಸ್ಸಿಲ್ಲ ಎನ್ನುವುದನ್ನು ನಾನು ಒಪ್ಪುವುದಿಲ್ಲ. ದಾಸೋಹದ ನಾಡಿದು. ತೊಡಕಿರುವುದು ಆ ತಾಯಿ ಕೇಳಿದ ಪ್ರಶ್ನೆಯಲ್ಲಿ.

ನೋಡಿ, ಎದೆ ನಿಂತು, ಮೈ ತಣ್ಣಗಾದ ಮೇಲೆ ಕಣ್ಣು ದಾನ ಮಾಡಬಹುದು. ಆರು ತಾಸಿನ ಒಳಗೆ ತೆಗೆದರೆ ಆಯಿತು. 2021ರ ಅಕ್ಟೋಬರ್ 29ರಂದು ಪುನೀತ್ ರಾಜಕುಮಾರ್ ತೀರಿಕೊಂಡಾಗ ಅವರ ಕಣ್ಣುಗಳಿಂದ ನಾಲ್ಕು ಜನಕ್ಕೆ ದೃಷ್ಟಿ ಬಂತು. ಆದರೆ ಅವರ ಹೃದಯವೇ ನಿಂತಿತ್ತು. ಹಾಗಾಗಿ ಲಿವರ್ ಕೊಡುವ ಮಾತೇ ಬರಲಿಲ್ಲ. ಅದೇ ವರ್ಷ ಜೂನ್‌ನಲ್ಲಿ ನಟ ಸಂಚಾರಿ ವಿಜಯ್ ಬೈಕ್ ಅಪಘಾತದಲ್ಲಿ ತಲೆಗೆ ಪೆಟ್ಟಾಗಿ ತೀರಿಕೊಂಡರು. ಅವರ ಮಿದುಳು ಸತ್ತಿತ್ತು, ವೆಂಟಿಲೇಟರ್ ಮೇಲೆ ಹೃದಯ ಬಡಿಯುತ್ತಿತ್ತು. ಮನೆಯವರು ಒಪ್ಪಿದ್ದರಿಂದ ಲಿವರ್, ಕಿಡ್ನಿ ಬೇರೆಯವರಿಗೆ ಹೋದವು.

ನಮ್ಮ ದೇಶದಲ್ಲಿ ತೀರಿಕೊಂಡವರಿಂದ ಪಡೆಯುವ ಲಿವರ್ ಹೆಚ್ಚುಕಡಿಮೆ ಎಲ್ಲವೂ ಹೀಗೆ ಬರುವುದೇ. ರಕ್ತ ಹರಿಯುತ್ತಿರುವಾಗಲೇ ತೆಗೆಯಬೇಕು. ಅಂದರೆ ದಾನ ಸಾಧ್ಯವಾಗುವುದೂ ಆ ಬಡಿಯುವ ಎದೆಯಿಂದಲೇ. ಮನೆಯವರಿಗೆ ಸಾವನ್ನು ನಂಬಲು ಆಗದಂತೆ ಮಾಡುವುದೂ ಆ ಬಡಿಯುವ ಎದೆಯೇ.

ಎದೆ ಯಾಕೆ ಬಡಿಯುತ್ತದೆ? ಹೃದಯಕ್ಕೆ ತನ್ನದೇ ಒಂದು ಗಡಿಯಾರ ಇದೆ. ಮಿದುಳು ಹೇಳದಿದ್ದರೂ ಅದು ಬಡಿಯಬಲ್ಲದು, ಆಮ್ಲಜನಕ ಸಿಗುತ್ತಿದ್ದರೆ ಸಾಕು. ಉಸಿರಾಟ ಹಾಗಲ್ಲ. ಅದರ ಅಪ್ಪಣೆ ಬರುವುದು ಮಿದುಳಿನ ಬುಡದಿಂದ, ಮಿದುಳು ಕಾಂಡ ಅನ್ನುತ್ತಾರೆ. ಕಾಂಡ ಸತ್ತರೆ ಉಸಿರು ನಿಂತಂತೆಯೇ. ವೆಂಟಿಲೇಟರ್ ಗಾಳಿ ನೂಕುತ್ತಿರುವುದರಿಂದ ಎದೆಗೆ ಆಮ್ಲಜನಕ ಸಿಗುತ್ತದೆ, ಅದು ಬಡಿಯುತ್ತದೆ. ಎತ್ತು ಬಿಚ್ಚಿದ ಚಕ್ಕಡಿ ಇಳಿಜಾರಿನಲ್ಲಿ ಸ್ವಲ್ಪ ದೂರ ಉರುಳುವುದನ್ನು ನೀವು ನೋಡಿರಬೇಕು. ಹಾಗೆಯೇ ಇದೂ. ಕೆಲವು ತಾಸು, ಕೆಲವು ದಿನ. ಬಿಪಿ ಬೀಳುತ್ತದೆ, ಮೂತ್ರ ಲೀಟರುಗಟ್ಟಲೆ ಹೋಗುತ್ತದೆ, ಮೈ ತಣ್ಣಗಾಗುತ್ತಾ ಬರುತ್ತದೆ. ಕೊನೆಗೆ ಎದೆಯೂ ನಿಲ್ಲುತ್ತದೆ.

ಕೋಮಾ ಬೇರೆ. ಕೋಮಾದಲ್ಲಿ ಮಿದುಳು ಮಂಪರಿನಲ್ಲಿದ್ದರೂ ಜೀವಂತ. "ನಮ್ಮ ಮಾವ ಇಪ್ಪತ್ತು ದಿನ ಆದಮೇಲೆ ಕಣ್ಣು ಬಿಟ್ರು" ಎಂದು ಯಾರೋ ಒಬ್ಬರು ಬೆಂಚಿನ ಮೇಲೆ ಹೇಳಿಯೇ ಹೇಳುತ್ತಾರೆ. ನಿಜವೇ ಇರಬಹುದು, ಅದು ಕೋಮಾ. ಸರಿಯಾಗಿ ಪರೀಕ್ಷೆ ಮಾಡಿ ಮಿದುಳು ಸಾವು ಎಂದು ಘೋಷಿಸಿದ ಮೇಲೆ ಹಿಂತಿರುಗಿ ಬರುವುದಿಲ್ಲ.

ಪತ್ರಿಕೆಗಳಲ್ಲಿ ಬರುವ ಒಂದು ಪದದ ಬಗ್ಗೆ ನನಗೆ ಬಹಳ ಬೇಜಾರಿದೆ. "ಮಿದುಳು ನಿಷ್ಕ್ರಿಯಗೊಂಡ ಯುವಕ" ಎಂದು ಬರೆಯುತ್ತಾರೆ. ಬ್ಯಾಂಕಿನ ಖಾತೆ ನಿಷ್ಕ್ರಿಯ ಆದರೆ ಆಧಾರ್ ಕೊಟ್ಟು ಮತ್ತೆ ಚಾಲೂ ಮಾಡಿಸಬಹುದು, ಅಲ್ವಾ? ಓದುವ ತಾಯಿಗೆ ಹಾಗೇ ಅನಿಸುತ್ತದೆ. ಸತ್ತಿದೆ ಎನ್ನುವುದನ್ನು ಸತ್ತಿದೆ ಎಂದೇ ಬರೆಯಬೇಕು. ನಮ್ಮವರೂ ತಪ್ಪುತ್ತಾರೆ. ಒಂದು ಆಸ್ಪತ್ರೆಯಲ್ಲಿ ಯುವ ವೈದ್ಯರೊಬ್ಬರು ಮನೆಯವರಿಗೆ, "ಬ್ರೇನ್ ಡೆಡ್ ಆಗಿದೆ. ಮಷೀನ್ ತೆಗೆದರೆ ಸತ್ತು ಹೋಗ್ತಾರೆ" ಎಂದರು. ಕೇಳಿದವರ ಮುಖ ನೋಡಿದೆ. ಈಗಿನ್ನೂ ಸತ್ತಿಲ್ಲ, ತಾವು ಒಪ್ಪಿದರೆ ಕೊಂದಂತೆ ಎಂದೇ ಅವರಿಗೆ ಕೇಳಿಸಿತ್ತು. ಅಂದಿನಿಂದ ನಾನು ಹೇಳುವುದು ಒಂದೇ ವಾಕ್ಯ: "ನಿಮ್ಮ ಮಗ ತೀರಿಕೊಂಡಿದ್ದಾನೆ. ಎದೆ ಬಡಿಯುತ್ತಿರುವುದು ಯಂತ್ರ ಕೊಡುವ ಗಾಳಿಯಿಂದ." ಹೇಳಿ ಸುಮ್ನೆ ಕೂರುತ್ತೇನೆ. ಅಳುವವರು ಅಳಬೇಕು. ದಾನದ ಮಾತು ಆಗಲೇ ಎತ್ತುವುದಿಲ್ಲ.

ಪರೀಕ್ಷೆ ಹೇಗೆ ಮಾಡುತ್ತಾರೆ ಎಂದು ಕಣ್ಣಾರೆ ಕಂಡಂತೆ ಹೇಳುತ್ತೇನೆ. 1994ರ ಅಂಗಾಂಗ ಕಸಿ ಕಾಯ್ದೆಯ ಪ್ರಕಾರ ನಾಲ್ಕು ವೈದ್ಯರು ಸಹಿ ಮಾಡಬೇಕು. ಆಸ್ಪತ್ರೆಯ ಮುಖ್ಯಸ್ಥರು, ಚಿಕಿತ್ಸೆ ಕೊಡುತ್ತಿರುವವರು, ಅನುಮತಿ ಪಡೆದ ಪಟ್ಟಿಯ ಒಬ್ಬ ತಜ್ಞರು, ಒಬ್ಬ ನರರೋಗ ಅಥವಾ ನರಶಸ್ತ್ರ ತಜ್ಞರು. ಕಸಿ ಮಾಡುವ ತಂಡದವರು ಇದರಲ್ಲಿ ಇರುವಂತಿಲ್ಲ. ಎಲ್ಲ ಪರೀಕ್ಷೆಯನ್ನೂ ಕನಿಷ್ಠ 6 ತಾಸು ಬಿಟ್ಟು ಮತ್ತೊಮ್ಮೆ ಮಾಡಬೇಕು. ನಿದ್ದೆ ಔಷಧಿ ಮೈಯಲ್ಲಿ ಉಳಿದಿದೆಯಾ, ಮೈ ತೀರಾ ತಣ್ಣಗಿದೆಯಾ ಎಂದು ಮೊದಲು ನೋಡಿಕೊಳ್ಳುತ್ತಾರೆ. ಕಣ್ಣಿಗೆ ಟಾರ್ಚ್ ಬಿಡುತ್ತಾರೆ, ಪಾಪೆ ಕಿರಿದಾಗುವುದಿಲ್ಲ. ಹತ್ತಿಯ ಎಳೆಯಿಂದ ಕಣ್ಣುಗುಡ್ಡೆ ಮುಟ್ಟುತ್ತಾರೆ, ರೆಪ್ಪೆ ಮಿಟುಕುವುದಿಲ್ಲ. ಕಿವಿಯೊಳಗೆ ಐಸ್ ನೀರು ಬಿಡುತ್ತಾರೆ. ಜೀವ ಇದ್ದ ಮಿದುಳಾದರೆ ಕಣ್ಣು ಆ ಕಡೆ ಹೊರಳಬೇಕು, ಹೊರಳುವುದಿಲ್ಲ. ಗಂಟಲಿನ ಕೊಳವೆಯೊಳಗೆ ನಳಿಕೆ ಇಳಿಸಿದರೂ ಕೆಮ್ಮು ಬರುವುದಿಲ್ಲ.

ಕೊನೆಯದು ಉಸಿರಿನ ಪರೀಕ್ಷೆ, ಆಪ್ನಿಯಾ ಟೆಸ್ಟ್. ಆಮ್ಲಜನಕ ಕೊಡುತ್ತಲೇ ವೆಂಟಿಲೇಟರ್ ಬಿಡಿಸುತ್ತಾರೆ. ಅಂಗಿ ಸರಿಸಿ ಎದೆ, ಹೊಟ್ಟೆಯನ್ನೇ ನೋಡುತ್ತಾ ನಿಲ್ಲುತ್ತೇವೆ. ಎಂಟು ಹತ್ತು ನಿಮಿಷ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್ 60ರ ಗಡಿ ದಾಟುತ್ತದೆ. ನಿಮಗೋ ನನಗೋ ಅಷ್ಟು ಏರಿದ್ದರೆ ಏದುಸಿರು ಬಿಟ್ಟು ಒದ್ದಾಡುತ್ತಿದ್ದೆವು. ಅಲ್ಲಿ ಒಂದು ಕೂದಲೆಳೆಯಷ್ಟೂ ಎದೆ ಏಳುವುದಿಲ್ಲ. ನಾನು ಎಷ್ಟೋ ಸಲ ಆ ಹತ್ತು ನಿಮಿಷ ನಿಂತಿದ್ದೇನೆ. ಒಂದು ಉಸಿರು ಬರಲಿ ದೇವರೇ ಎಂದು ಪ್ರತಿಸಲವೂ ಅಂದುಕೊಳ್ಳುತ್ತೇನೆ.

ಒಂದು ವಿಷಯ ಮುಚ್ಚಿಡಬಾರದು. ಮಿದುಳು ಸತ್ತ ಮೇಲೂ ಕೆಲವರ ಕಾಲ್ಬೆರಳು ಅಲ್ಲಾಡುತ್ತದೆ, ಕೈ ಜಗ್ಗುತ್ತದೆ. ಅದು ಬೆನ್ನುಹುರಿಯ ಕೆಲಸ. ಮೊದಲೇ ಹೇಳದಿದ್ದರೆ, ನೋಡಿದವರು "ಮೋಸ ಮಾಡ್ಲಿಕತ್ತಾರ" ಎಂದೇ ತಿಳಿಯುತ್ತಾರೆ. ತಿಳಿಯುವುದು ಸಹಜ.

ಇನ್ನು ಒಪ್ಪಿಗೆ. ಗಂಡ ಅಥವಾ ಹೆಂಡತಿ, ವಯಸ್ಸಿಗೆ ಬಂದ ಮಕ್ಕಳು, ತಂದೆ ತಾಯಿ, ಒಡಹುಟ್ಟಿದವರು, ಹೀಗೆ ಹತ್ತಿರದವರು ಬರವಣಿಗೆಯಲ್ಲಿ ಒಪ್ಪಬೇಕು. ಅಪಘಾತದ ಕೇಸಾದರೆ ಪೊಲೀಸರ ಪಂಚನಾಮೆ, ಶವಪರೀಕ್ಷೆ ಇರುತ್ತವೆ. ಇದೆಲ್ಲ ಸೇರಿ ಅರ್ಧ ದಿನದಿಂದ ಒಂದು ದಿನ ಹಿಡಿಯಬಹುದು. ಆ ಕಾಯುವಿಕೆ ಕಷ್ಟ. "ಇನ್ನ ಎಷ್ಟೊತ್ರಿ?" ಎಂದು ಕೇಳಿದರೆ ಸುಳ್ಳು ಸಮಾಧಾನ ಹೇಳದೆ, ಆಗುವ ಹೊತ್ತನ್ನು ಆಗುವಷ್ಟೇ ಹೇಳುವುದನ್ನು ಕಲಿತಿದ್ದೇನೆ. ಅಂಗಾಂಗ ತೆಗೆಯುವ ಖರ್ಚು ಮನೆಯವರ ಮೇಲೆ ಬರುವುದಿಲ್ಲ. ದುಡ್ಡು ಕೊಡುವುದೂ ಇಲ್ಲ, ತೆಗೆದುಕೊಳ್ಳುವುದೂ ಇಲ್ಲ. ಅಂಗಾಂಗ ಮಾರಾಟಕ್ಕೆ 10 ವರ್ಷದವರೆಗೆ ಜೈಲು, ಒಂದು ಕೋಟಿಯವರೆಗೆ ದಂಡ ಇದೆ.

ನಮ್ಮ ಭಾಗದಲ್ಲಿ ಬಹಳ ಜನ ಕೇಳುವ ಪ್ರಶ್ನೆ ಒಂದಿದೆ. ಯಾವ ಪಠ್ಯದಲ್ಲೂ ಅದನ್ನು ನನಗೆ ಹೇಳಿಕೊಟ್ಟಿರಲಿಲ್ಲ. ಗದಗ ಕಡೆಯ ಒಬ್ಬ ಹಿರಿಯರು ಎಲ್ಲ ಕೇಳಿಸಿಕೊಂಡು, ರುಮಾಲು ಸರಿಮಾಡಿಕೊಂಡು, ಸಣ್ಣ ದನಿಯಲ್ಲಿ, "ಕುಂದ್ರಸಾಕ ಬರ್ತೈತೇನ್ರಿ?" ಎಂದರು. ಅವರ ಮನೆತನದಲ್ಲಿ ದೇಹವನ್ನು ಕೂರಿಸಿ, ವಿಭೂತಿ ಹಚ್ಚಿ, ರಾತ್ರಿಯಿಡೀ ಭಜನೆ ಮಾಡಿ, ವಿಮಾನದಲ್ಲಿ, ಅಂದರೆ ಕೂರಿಸಿ ಒಯ್ಯುವ ಸಿಂಗರಿಸಿದ ಚಟ್ಟದಲ್ಲಿ, ಒಯ್ದು ಮಣ್ಣು ಮಾಡುತ್ತಾರೆ. ಹೊಟ್ಟೆ ಬಿಚ್ಚಿದ ದೇಹ ಕೂರುತ್ತದೆಯೋ ಇಲ್ಲವೋ ಎಂಬ ಚಿಂತೆ. ಕೂರಿಸಬಹುದು. ಯಾವುದೇ ದೊಡ್ಡ ಆಪರೇಷನ್‌ನಂತೆ ಪದರ ಪದರವಾಗಿ ಹೊಲಿದು, ಡ್ರೆಸ್ಸಿಂಗ್ ಮಾಡಿ ಕೊಡುತ್ತಾರೆ. ಅಂಗಿ ಹಾಕಿದರೆ ಗೊತ್ತೂ ಆಗುವುದಿಲ್ಲ. ಸ್ನಾನ ಮಾಡಿಸಬಹುದು, ಮಣ್ಣು ಮಾಡಬಹುದು, ಸುಡಬಹುದು. ಮುಸ್ಲಿಂ ಮನೆಯವರು ಗುಸುಲ್, ಅಂದರೆ ಶವಕ್ಕೆ ಮಾಡಿಸುವ ಸ್ನಾನದ ಬಗ್ಗೆ ಇದೇ ಪ್ರಶ್ನೆ ಕೇಳುತ್ತಾರೆ, ಅವರಿಗೂ ಇದೇ ಉತ್ತರ. ಆ ಹಿರಿಯರು ಒಪ್ಪಿ ಸಹಿ ಮಾಡಿದರು. ಅವರಿಗೆ ಬೇಕಾಗಿದ್ದುದು ಆ ಒಂದು ಉತ್ತರ ಮಾತ್ರ.

ಲಿವರ್ ಯಾರಿಗೆ ಹೋಗುತ್ತದೆ ಎಂಬುದನ್ನು ದಾನಿ ಇರುವ ಆಸ್ಪತ್ರೆ ತನ್ನ ಇಷ್ಟದಂತೆ ಹೇಳುವಂತಿಲ್ಲ. ರಾಜ್ಯದ ಪಟ್ಟಿ ನೋಡಿಕೊಳ್ಳುವುದು "ಜೀವಸಾರ್ಥಕತೆ" ಸಂಸ್ಥೆ. ರಕ್ತದ ಗುಂಪು ಹೊಂದಬೇಕು, ಮೈಯ ಅಳತೆ ಹೊಂದಬೇಕು. ರೋಗ ಎಷ್ಟು ಮುಂದುವರಿದಿದೆ ಎನ್ನಲು ಮೆಲ್ಡ್ ಎಂಬ ಅಂಕ ಇದೆ. ರಕ್ತಪರೀಕ್ಷೆಗಳಿಂದ ಲೆಕ್ಕ ಹಾಕುತ್ತಾರೆ, 6ರಿಂದ 40ರವರೆಗೆ. ಅಂಕ ಜಾಸ್ತಿ ಇದ್ದಷ್ಟೂ ಗಂಡಾಂತರ ಹತ್ತಿರ. ಶ್ರೀಮಂತರಿಗೆ ಮೊದಲು ಸಿಗುತ್ತದಾ ಎಂದು ಎಲ್ಲ ಕಡೆ ಕೇಳುತ್ತಾರೆ. ಪಟ್ಟಿಯ ಸರದಿ ದುಡ್ಡು ನೋಡುವುದಿಲ್ಲ. ಆದರೆ ಪಟ್ಟಿಯವರೆಗೆ ಬಂದು ಮುಟ್ಟಲು ದುಡ್ಡು ಬೇಕು, ಇದನ್ನು ಒಪ್ಪಲೇಬೇಕು. ಪರೀಕ್ಷೆ, ಓಡಾಟ, ಬೆಂಗಳೂರಿನಲ್ಲಿ ಬಾಡಿಗೆ ಮನೆ. ಬಿಪಿಎಲ್ ಕುಟುಂಬಗಳಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ಸರ್ಕಾರದ ನೆರವು ಇದೆ, ಕೇಳಿ ಪಡೆಯಿರಿ.

ತೆಗೆದ ಲಿವರ್‌ಗೆ ಐಸಿನಲ್ಲಿ ಹೆಚ್ಚೆಂದರೆ ಹನ್ನೆರಡು ತಾಸು. ಹೃದಯಕ್ಕೆ ನಾಲ್ಕು. ಇಲ್ಲಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್. ಅದಕ್ಕೇ ಝೀರೋ ಟ್ರಾಫಿಕ್. ಧಾರವಾಡ ಕಡೆಯಿಂದ ಹೊರಟ ಆಂಬುಲೆನ್ಸ್ ರಾಯಾಪುರ, ನವನಗರ, ಭೈರಿದೇವರಕೊಪ್ಪ, ಉಣಕಲ್ ದಾಟಿ ಹುಬ್ಬಳ್ಳಿಯ ಗೋಕುಲ ರಸ್ತೆಯ ವಿಮಾನ ನಿಲ್ದಾಣ ಸೇರಬೇಕು. ಪೊಲೀಸರು ದಾರಿ ಬಿಡಿಸಿರುತ್ತಾರೆ. ನಿಮ್ಮ ಗಾಡಿಯನ್ನು ಹೀಗೆ ಐದು ನಿಮಿಷ ತಡೆದರೆ, ಒಳಗಿರುವ ಪೆಟ್ಟಿಗೆಯನ್ನು ನೆನೆಸಿಕೊಳ್ಳಿ. ಮೂರು ಪದರ ಚೀಲ, ಸುತ್ತ ಐಸು, ಮಧ್ಯೆ ರಕ್ತವೆಲ್ಲ ತೊಳೆದು ಬೆಳ್ಳಗಾದ ಲಿವರ್.

ತರಬೇತಿಗೆ ಹೋದಾಗ ಬೆಂಗಳೂರಿನಲ್ಲಿ ಒಂದು ಕಸಿ ನೋಡಿದೆ. ರೋಗಿಯ ಹಳೆಯ ಲಿವರ್ ತೆಗೆದಿಟ್ಟಿದ್ದರು. ಹಾಗಲಕಾಯಿಯ ಮೈಯಂತೆ ಗಂಟು ಗಂಟು, ಕಲ್ಲಿನಂತೆ ಗಟ್ಟಿ. ಹೊಸದನ್ನು ಇಟ್ಟು ದೊಡ್ಡ ಅಶುದ್ಧ ರಕ್ತನಾಳ, ಕರುಳಿನಿಂದ ಬರುವ ರಕ್ತನಾಳ, ಶುದ್ಧ ರಕ್ತದ ನಾಳ ಒಂದೊಂದೇ ಜೋಡಿಸಿದರು. ರಕ್ತ ತಡೆದು ಹಿಡಿದಿದ್ದ ಕ್ಲಾಂಪ್ ಬಿಟ್ಟಾಗ ಬೂದುಬಣ್ಣದ ಲಿವರ್ ಒಂದು ತುದಿಯಿಂದ ಕೆಂಪಾಗುತ್ತಾ ಬಂತು. ಸ್ವಲ್ಪ ಹೊತ್ತಿಗೆ ಪಿತ್ತನಾಳದ ಬಾಯಲ್ಲಿ ಜೇನಿನ ಬಣ್ಣದ ಒಂದು ಹನಿ ಕಾಣಿಸಿತು. ಹಿರಿಯ ಸರ್ಜನ್ ಏನೂ ಮಾತಾಡಲಿಲ್ಲ. ಆ ಹನಿಯನ್ನು ಗಾಜ್ ಬಟ್ಟೆಯ ತುಂಡಿನಿಂದ ಒರೆಸಿ, ಎತ್ತಿ ನಮಗೆಲ್ಲ ತೋರಿಸಿದರು. ಲಿವರ್ ಕೆಲಸ ಶುರು ಮಾಡಿತ್ತು.

ಆಮೇಲೆ ರೋಗಿಗೆ ಜೀವನವಿಡೀ ಮಾತ್ರೆ. ಮೈಯ ಕಾವಲು ಪಡೆ ಹೊಸ ಅಂಗವನ್ನು ಪರಕೀಯ ಎಂದು ದಾಳಿ ಮಾಡದಂತೆ ಟ್ಯಾಕ್ರೋಲಿಮಸ್ ಎಂಬ ಔಷಧಿ, ದಿನಾ ಅದೇ ಹೊತ್ತಿಗೆ. ಒಂದು ಹೊತ್ತು ತಪ್ಪಿಸುವಂತಿಲ್ಲ. ಚಕ್ಕೋತ ಹಣ್ಣು ತಿನ್ನಬಾರದು, ರಕ್ತದಲ್ಲಿ ಆ ಔಷಧಿ ಏರಿಬಿಡುತ್ತದೆ. ಯಾರೋ ಕೊಟ್ಟ ಬೇರು, ಕಷಾಯ ಬೇಡವೇ ಬೇಡ. ಇಷ್ಟು ಪಾಲಿಸಿದವರು ಹೊಲ ಮಾಡುತ್ತಾರೆ, ಶಾಲೆಗೆ ಹೋಗುತ್ತಾರೆ, ಮಕ್ಕಳನ್ನು ಹಡೆದವರೂ ಇದ್ದಾರೆ.

ಮಾತು ಮುಗಿದ ಮೇಲೆ ಮುಂದಿನ ಸಾಲಿನ ಒಬ್ಬ ಗುರುಗಳು ಎದ್ದು ನಿಂತರು. "ನನಗ ಎಪ್ಪತ್ನಾಲ್ಕು. ನನ್ನ ಲಿವರ್ ನಡೀತೈತೇನ್ರಿ?" ಅಂದರು. ನಡೆಯಬಹುದು ಎಂದೆ. ವಯಸ್ಸಿನ ಒಂದೇ ಕಾರಣಕ್ಕೆ ಬಿಡುವುದಿಲ್ಲ, ಎಪ್ಪತ್ತು ದಾಟಿದವರ ಲಿವರ್ ಕೂಡ ಬಳಸಿದ್ದಾರೆ. ಆ ಹೊತ್ತಿಗೆ ಅದು ಹೇಗಿದೆ ಎಂದು ಸರ್ಜನ್ ಕೈಯಿಂದ ಮುಟ್ಟಿ ನೋಡಿ ಹೇಳುತ್ತಾರೆ.

"ಹಂಗಾರ ಎಲ್ಲಿ ಸಹಿ ಮಾಡಬೇಕ್ರಿ?"

ಆಧಾರ್ ನಂಬರ್ ಇದ್ದರೆ ಅಂಗಾಂಗ ಕಸಿಯ ರಾಷ್ಟ್ರೀಯ ಸಂಸ್ಥೆ ನೋಟೋದ (NOTTO) ವೆಬ್‌ಸೈಟಿನಲ್ಲಿ ಪ್ರತಿಜ್ಞೆ ದಾಖಲಿಸಬಹುದು, ಜೀವಸಾರ್ಥಕತೆಯಲ್ಲೂ ಆಗುತ್ತದೆ, ದುಡ್ಡೇನೂ ಇಲ್ಲ ಎಂದೆ. ಆದರೆ ನೀವು ಸಹಿ ಮಾಡಿದ್ದರೂ ಆ ದಿನ ನಾನು ಕೇಳುವುದು ನಿಮ್ಮ ಮನೆಯವರನ್ನು. ಬೆಂಚಿನ ಮೇಲೆ ಕೂತವರಿಗೆ ನಿಮ್ಮ ಮನಸ್ಸು ಗೊತ್ತಿರಬೇಕು ಎಂದೂ ಹೇಳಿದೆ.

ಅವರ ಹೆಂಡತಿ ಎರಡನೇ ಸಾಲಿನಲ್ಲಿ ಇದ್ದರು. ಗುರುಗಳು ಹಿಂದೆ ತಿರುಗಿ, "ಕೇಳಿದ್ಯಲ್ಲ?" ಅಂದರು.

"ನಾ ಕೇಳಿದ್ರ ಏನಾತ್ರಿ," ಅಂದರು ಅವರು. "ಆ ಹೊತ್ತಿನ್ಯಾಗ ನನಗ ಮಾತು ಬರೂದಿಲ್ಲ. ಸೊಸಿಗೆ ಹೇಳ್ರಿ. ಡಾಕ್ಟ್ರ ಮುಂದ ನಿಂತು ಮಾತಾಡಾಕಿ ಆಕಿನ."

ಗುರುಗಳು ಅಲ್ಲೇ ನಿಂತು ಜೇಬಿನಿಂದ ಫೋನ್ ತೆಗೆದರು.